ನಾಲ್ಕು ಬೇಸ್ ಸುತ್ತಿ ಬರುವಷ್ಟರಲ್ಲಿ

1974ರ ಏಪ್ರಿಲ್ 8. ಅಟ್ಲಾಂಟಾದಲ್ಲಿ ಆ ರಾತ್ರಿ ಚಳಿ, ಜೊತೆಗೆ ತುಂತುರು ಮಳೆ. ಆದರೂ ಕ್ರೀಡಾಂಗಣದಲ್ಲಿ 53,775 ಜನ. ಬಂದದ್ದು ಪಂದ್ಯ ನೋಡಲಿಕ್ಕಲ್ಲ, ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್‌ನ ಒಂದೇ ಒಂದು ಹೊಡೆತಕ್ಕಾಗಿ.

ಬೇಬ್ ರೂತ್‌ನ 714 ಹೋಮ್ ರನ್‌ಗಳ ದಾಖಲೆಯನ್ನು ಆರನ್ ನಾಲ್ಕು ದಿನದ ಹಿಂದಷ್ಟೇ ಸಿನ್ಸಿನಾಟಿಯಲ್ಲಿ ಸರಿಗಟ್ಟಿದ್ದ. ಅಲಬಾಮಾದ ಮೊಬೈಲ್ ಊರಿನ ಬಡವರ ಮನೆಯ ಹುಡುಗ ಅವನು, ಬಾಟಲಿ ಮುಚ್ಚಳಗಳನ್ನೇ ಚೆಂಡು ಮಾಡಿಕೊಂಡು ಕೋಲಿನಲ್ಲಿ ಬಾರಿಸುತ್ತ ಬೆಳೆದವನು. ರೂತ್ ಎಂದರೆ ಬಿಳಿಯ ಅಮೆರಿಕದ ಪಾಲಿಗೆ ದೇವರು. ಅವನ ದಾಖಲೆಗೆ ಕಪ್ಪು ಮನುಷ್ಯ ಕೈ ಹಾಕುವುದೇ? ಬೈಗುಳದ ಕಾಗದಗಳು ರಾಶಿರಾಶಿ ಬಂದವು. ಕೊಲ್ಲುತ್ತೇವೆ ಎಂದೂ ಬರೆದರು. ಕಾಲೇಜಿನಲ್ಲಿ ಓದುತ್ತಿದ್ದ ಮಗಳಿಗೂ ಎಫ್‌ಬಿಐ ಕಾವಲು ಬೇಕಾಯಿತು. ಆ ರಾತ್ರಿ ಪ್ರೇಕ್ಷಕರ ನಡುವೆ ಕೂತಿದ್ದ ಅಂಗರಕ್ಷಕನ ಬೈನಾಕ್ಯುಲರ್ ಚೀಲದಲ್ಲಿ ಇದ್ದದ್ದು ರಿವಾಲ್ವರ್.

ಹೋಮ್ ರನ್ ಎಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ ಅನ್ನಿ. ಆದರೆ ಸಿಕ್ಸರ್ ಹೊಡೆದವನು ನಿಂತಲ್ಲೇ ನಿಲ್ಲಬಹುದು. ಇಲ್ಲಿ ಹೊಡೆದವನು ನಾಲ್ಕೂ ಬೇಸ್ ಮುಟ್ಟಿ ಬರಲೇಬೇಕು. ಕೊಲೆ ಬೆದರಿಕೆ ಇರುವವನು ಅಷ್ಟು ಜನರೆದುರು ಬಯಲಲ್ಲಿ ಒಂಟಿಯಾಗಿ ಓಡಬೇಕು.

ನಾಲ್ಕನೇ ಇನಿಂಗ್ಸ್. ಎದುರಾಳಿ ಡಾಡ್ಜರ್ಸ್ ತಂಡದ ಆಲ್ ಡೌನಿಂಗ್ ಎಸೆದ, ಆರನ್ ಬೀಸಿದ. ಬಿಲ್ ಬಕ್ನರ್ ಬೇಲಿಯನ್ನೇ ಹತ್ತಿದರೂ ಚೆಂಡು ಸಿಗಲಿಲ್ಲ; ಬೇಲಿಯಾಚೆ ನಿಂತಿದ್ದ ಆರನ್‌ನದೇ ತಂಡದ ಟಾಮ್ ಹೌಸ್ ಅದನ್ನು ಹಿಡಿದ. 715!

ಆರನ್ ತಲೆ ಬಗ್ಗಿಸಿ, ಅವಸರವಿಲ್ಲದೆ ಓಡುತ್ತಿದ್ದ. ಎರಡನೇ ಬೇಸ್ ದಾಟುತ್ತಿದ್ದಂತೆ ಹಿಂದಿನಿಂದ ಇಬ್ಬರು ಬಿಳಿ ಹುಡುಗರು ನುಗ್ಗಿಬಂದು ಅವನ ಭುಜಕ್ಕೆ ಕೈ ಹಾಕಿದರು. ಹಳೇ ಚಿತ್ರಸುರುಳಿಯಲ್ಲಿ ಇದು ಬಂದಾಗೆಲ್ಲ ನನಗೆ ನೆನಪಾಗುವುದು ಪರದೆಯಲ್ಲಿ ಕಾಣದ ಆ ಅಂಗರಕ್ಷಕ. ಮುಗಿಬಿದ್ದವರು ಅಭಿಮಾನಿಗಳೋ ಕೊಲೆಗಾರರೋ? ತೀರ್ಮಾನಿಸಲು ಅವನಿಗಿದ್ದದ್ದು ಕ್ಷಣಮಾತ್ರ. ಅವನು ರಿವಾಲ್ವರ್ ತೆಗೆಯಲಿಲ್ಲ. ಬೆನ್ನು ತಟ್ಟಿ ಹುಡುಗರು ಪಕ್ಕಕ್ಕೆ ಸರಿದರು.

ಓಟ ಮುಗಿಯುವ ಹೋಮ್ ಪ್ಲೇಟ್ ಬಳಿ ಸಹ ಆಟಗಾರರ ಗುಂಪಿನೊಳಗೆ ತಾಯಿ ಎಸ್ಟೆಲ್ಲಾ ತೂರಿ ಬಂದು ಮಗನನ್ನು ಬಿಗಿಯಾಗಿ ಅಪ್ಪಿಕೊಂಡರು. ಅಮ್ಮನ ತೋಳಿನಲ್ಲಿ ಇಷ್ಟು ಬಲವಿದೆಯೆಂದು ತನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಆರನ್ ಹೇಳಿದ. ಆಕೆಗಿದ್ದದ್ದು ಬರೀ ಸಂಭ್ರಮವಲ್ಲ. ಯಾರಾದರೂ ಗುಂಡು ಹಾರಿಸಿದರೆ ಮೊದಲು ತನ್ನನ್ನು ದಾಟಬೇಕು ಎಂಬ ಹಟ. ಮೈಕ್ ಕೈಗೆ ಬಂದಾಗ ಆರನ್ ದಾಖಲೆಯ ಬಗ್ಗೆ ಕೊಚ್ಚಿಕೊಳ್ಳಲಿಲ್ಲ. ಸದ್ಯ ಇದು ಮುಗಿಯಿತಲ್ಲ, ದೇವರು ದೊಡ್ಡವನು ಎಂಬರ್ಥದ ಮಾತಾಡಿದ.

ಆಟ ನಿಲ್ಲಿಸುವ ಹೊತ್ತಿಗೆ ಅವನ ಲೆಕ್ಕ 755ಕ್ಕೆ ಏರಿತ್ತು. ಆ ಬೆದರಿಕೆ ಕಾಗದಗಳನ್ನು ಮಾತ್ರ ಅವನು ಎಸೆಯಲಿಲ್ಲ, ಮುಪ್ಪಿನಲ್ಲೂ ಜೋಪಾನವಾಗಿ ಇಟ್ಟುಕೊಂಡಿದ್ದ.