ಇಳಿಯುವ ಲೆಕ್ಕ

"ಮಾವ, ಕುಮಾರ ಪರ್ವತ 1712 ಮೀಟರ್ ಅಷ್ಟೇ. ಮುಳ್ಳಯ್ಯನಗಿರಿ 1930. ಅದನ್ನೇ ಅರ್ಧ ಗಂಟೇಲಿ ಹತ್ತಿದ್ದೀನಿ, ಇದೇನು ಮಹಾ?" ಎಂದ ತಂಗಿಯ ಮಗ.

ಅವನು ಹೇಳಿದ ಎರಡು ಅಂಕಿಗಳೂ ಸರಿ. ಆದರೆ ಪುಸ್ತಕದಲ್ಲಿ ಬೆಟ್ಟದ ಎತ್ತರವನ್ನು ಸಮುದ್ರಮಟ್ಟದಿಂದ ಅಳೆದಿರುತ್ತಾರೆ. ನಮ್ಮ ಕಾಲು ಅಳೆಯುವುದು ನಡಿಗೆ ಶುರುವಾದ ಜಾಗದಿಂದ. ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಕುಮಾರ ಪರ್ವತಕ್ಕೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು, ದಾರಿ ಸುಮಾರು 13 ಕಿಲೋಮೀಟರ್. ಅವನ ಮುಂದೆ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಟು, "ಬಾ, ಮೊದಲು ಇಲ್ಲಿ ಹತ್ತೋಣ" ಎಂದೆ.

ಆ ದಾರಿ ನನಗೆ ಕಣ್ಣುಮುಚ್ಚಿದರೆ ಕಾಣುತ್ತದೆ. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಬೇರುಗಳೇ ಮೆಟ್ಟಿಲು, ನೆರಳುಂಟು, ಗಾಳಿಯಿಲ್ಲ. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಕಾಡು ಮುಗಿದೊಡನೆ ಗಿರಿಗದ್ದೆ. ಎಷ್ಟೋ ವರ್ಷಗಳಿಂದ ಚಾರಣಿಗರಿಗೆ ಅನ್ನ, ಸಾರು ಬಡಿಸಿದ ಭಟ್ಟರ ಮನೆ ಇರುವುದು ಅಲ್ಲೇ. ಅಲ್ಲಿಂದ ಮುಂದೆ ಬಟಾಬಯಲು. ಆಳೆತ್ತರದ ಹುಲ್ಲು, ನೆತ್ತಿಯ ಮೇಲೆ ಬಿಸಿಲು, ನೆರಳಿಗೆ ಒಂದು ಮರವಿಲ್ಲ. ಕಲ್ಲುಮಂಟಪ ದಾಟಿ ಶೇಷ ಪರ್ವತ ಏರಿದಾಗ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಅಲ್ಲಿಂದ ಕೆಳಗಿಳಿದು, ಹಗಲಲ್ಲೂ ಕತ್ತಲೆ ಕವಿದ ಶೋಲಾ ಕಾಡು ಹೊಕ್ಕು, ನೀರು ಒಸರುವ ಬಂಡೆಯನ್ನು ಅಂಗೈ ಊರಿ ಹತ್ತಿದ ಮೇಲೆ ಶಿಖರ. ಶೇಷ ಪರ್ವತದಲ್ಲೇ ನಿಟ್ಟುಸಿರು ಬಿಟ್ಟು ವಾಪಸು ಹೋದವರನ್ನು ನಾನು ಕಂಡಿದ್ದೇನೆ. ಅವರ ಬಗ್ಗೆ ನನಗೆ ಗೌರವವಿದೆ.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವೊಂದಿದೆ. ಐದು ಕಿಲೋಮೀಟರಿಗೆ ಒಂದು ಗಂಟೆ. ಏರಿದ ಪ್ರತಿ ಆರು ನೂರು ಮೀಟರಿಗೆ ಇನ್ನೊಂದು ಗಂಟೆ. ಹುಡುಗನೇ ಕೂಡಿಸಿದ. ಹೆಚ್ಚುಕಮ್ಮಿ ಐದೂಕಾಲು ಗಂಟೆ ಬಂತು. ಅವನ ಮುಖ ಅರಳಿತು. ಆದರೆ ಅದು ತಂಪು ನಾಡಿನ, ನಿಲ್ಲದೆ ನಡೆಯುವವರ ಲೆಕ್ಕ. ನಮ್ಮ ಸೆಕೆ, ಬೆನ್ನ ಮೇಲಿನ ಹೊರೆ, ಕುಳಿತೇಳುವ ಹೊತ್ತು ಸೇರಿಸಿದರೆ ಎಂಟು ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟವರು ಎರಡಕ್ಕೆ ಶಿಖರದಲ್ಲಿರುತ್ತೇವೆ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. "ಇಳಿಯೋಕೆ ಎಷ್ಟು ಹೊತ್ತು ಉಳೀತು?" ಎಂದೆ. ಅವನು ಪೆನ್ಸಿಲ್ ಕೆಳಗಿಟ್ಟ.

ಈ ಪ್ರಶ್ನೆಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹನ್ನೆರಡು ವರ್ಷದ ಹಿಂದೆ ನಾವು ಐವರು ಗೆಳೆಯರು ಶಿಖರದಲ್ಲಿ ಫೋಟೋ ತೆಗೆಯುತ್ತ ಹೊತ್ತು ಕಳೆದೆವು. ಭಟ್ಟರ ಮನೆ ದಾಟಿ ಕಾಡಿಗಿಳಿಯುವಾಗಲೇ ಮಬ್ಬುಗತ್ತಲು. ಇದ್ದದ್ದು ಒಂದೇ ಟಾರ್ಚು. ಬೇರಿನ ಮೇಲೆ ಕಾಲಿಟ್ಟು ಒಬ್ಬನ ಮೊಣಕಾಲು ಉಳುಕಿತು. ಉಳಿದ ದಾರಿಯನ್ನು ಅವನು ನನ್ನ ಹೆಗಲ ಮೇಲೆ ಕೈಹಾಕಿ, ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿ ಇಳಿದ. ಆ ರಾತ್ರಿ ಅವನ ಬೆರಳುಗಳು ನನ್ನ ಹೆಗಲಲ್ಲಿ ಊರಿದ್ದ ನೋವು ನನಗೆ ಇನ್ನೂ ನೆನಪಿದೆ. ಬೆಟ್ಟದ್ದೇನೂ ತಪ್ಪಿರಲಿಲ್ಲ. ಹತ್ತುವಾಗ ಎದೆ ದಣಿಯುತ್ತದೆ, ಕೂತರೆ ಸುಧಾರಿಸುತ್ತದೆ. ಇಳಿಯುವಾಗ ದಣಿಯುವುದು ಮಂಡಿ. ಅದು ಅಷ್ಟು ಬೇಗ ಸುಧಾರಿಸುವುದಿಲ್ಲ.

ಹೀಗಾಗಿ ಕುಕ್ಕೆಯ ದಾರಿ ಈ ಸಲ ಬೇಡವೆಂದು ತೀರ್ಮಾನವಾಯಿತು. ಒಂದೇ ದಿನಕ್ಕೆ 26 ಕಿಲೋಮೀಟರ್ ಮೊದಲ ಸಲ ಬರುವ ಹುಡುಗನಿಗೆ ಹೆಚ್ಚಾಯಿತು. ಸೋಮವಾರಪೇಟೆ ಕಡೆಯಿಂದ ಬೀದಳ್ಳಿ, ಹೆಗ್ಗಡೆಮನೆ ಮೇಲೆ ಹೋಗುವ ದಾರಿ ಏಳು ಕಿಲೋಮೀಟರಿನ ಆಸುಪಾಸು. ಊರೇ ಘಟ್ಟದ ಮೇಲಿರುವುದರಿಂದ ಹತ್ತುವ ಎತ್ತರ ಅರ್ಧಕ್ಕಿಂತ ಕಡಿಮೆ. ಸುಲಭವೆಂದಲ್ಲ; ಕೊನೆಯ ಬಂಡೆಗಳು ಕಡಿದಾಗಿವೆ, ಇಬ್ಬನಿ ಬಿದ್ದರೆ ಜಾರುತ್ತವೆ. ಆದರೆ ಹಗಲು ಕೈಯಲ್ಲಿ ಉಳಿಯುತ್ತದೆ.

ಮೊನ್ನೆ ರಾತ್ರಿ ಬೆನ್ನುಚೀಲ ತುಂಬಿ, ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟೆವು. ತಲೆಗೆ ಮೂರು ಲೀಟರ್ ನೀರೆಂದರೆ ಅದೇ ಮೂರು ಕಿಲೋ. ಮಳೆ ನಿಂತ ಮೇಲೆ ತೊರೆಗಳ ಭರವಸೆಯಿಲ್ಲ, ಆದ್ದರಿಂದ ನೀರಿನಲ್ಲಿ ಕಡಿತವಿಲ್ಲ. ಹುಡುಗನ ಸ್ಪೀಕರ್ ಹೊರಬಂತು, ಜೀನ್ಸ್ ಹೊರಬಂತು; ನೆನೆದ ಜೀನ್ಸ್ ಬೇಗ ಒಣಗದು. ಚಪಾತಿ, ಚಟ್ನಿಪುಡಿ, ಹುರಿದ ಕಡಲೆಬೀಜ, ಬೆಲ್ಲದ ಉಂಡೆ ಒಳಗೆ ಹೋದವು. ಅಮ್ಮ ಹಳೆಯ ಬಟ್ಟೆಯ ಚೂರಿನಲ್ಲಿ ಉಪ್ಪು ಕಟ್ಟಿ ಕೊಟ್ಟರು. ಇಂಬಳ ಕಚ್ಚಿದ ಕಡೆ ಆ ಗಂಟನ್ನು ನೀರಿಗದ್ದಿ ತಾಗಿಸಿದರೆ ಸಾಕು, ಬಿಟ್ಟುಬಿಡುತ್ತದೆ. ಅಮ್ಮ ಮಲೆನಾಡಿನವರು, ಗದ್ದೆಬದುವಿನಲ್ಲಿ ಕಲಿತ ಉಪಾಯವಿದು. ಕೊನೆಗೆ ಒಬ್ಬೊಬ್ಬರಿಗೂ ಒಂದೊಂದು ಟಾರ್ಚು, ಬೇರೆ ಬ್ಯಾಟರಿ.

ಎಲ್ಲದರ ಮೇಲೆ ಒಂದು ಖಾಲಿ ಚೀಲ, ಕಸಕ್ಕೆ. ಕುಮಾರಧಾರೆ ಹುಟ್ಟುವುದು ಈ ಬೆಟ್ಟದಲ್ಲೇ. ಕುಕ್ಕೆಯಲ್ಲಿ ಭಕ್ತರು ಮೀಯುವುದು ಆ ನೀರಿನಲ್ಲಿ; ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಸೇರುತ್ತದೆ. ಮೇಲೆ ನಾವು ಎಸೆದ ಪೊಟ್ಟಣ ಒಂದಲ್ಲ ಒಂದು ಮಳೆಗೆ ಆ ನೀರಿಗಿಳಿಯುತ್ತದೆ. ಪುಷ್ಪಗಿರಿ ವನ್ಯಜೀವಿಧಾಮದ ಈ ಕಾಡು 2012ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 2024ರ ಜನವರಿ ಕೊನೆಯ ರಜೆಯಲ್ಲಿ ಇಲ್ಲಿ ಜಾತ್ರೆಯಂತೆ ಜನ ನೆರೆದ ಚಿತ್ರಗಳನ್ನು ನೋಡಿ ನನಗೆ ಸಂಕಟವಾಗಿತ್ತು. ಆಮೇಲೆ ಮುಂಗಡ ಬುಕಿಂಗ್ ಕಡ್ಡಾಯವಾಯಿತು, ದಿನಕ್ಕೆ ಇಷ್ಟೇ ಜನ ಎಂದಾಯಿತು. ತುಂಬ ಒಳ್ಳೆಯದಾಯಿತು. ಚೀಟಿ ಸಿಗದಿದ್ದರೆ ಗೊಣಗದೆ ಮುಂದಿನ ತಿಂಗಳಿಗೆ ಕಾಯಬೇಕು; ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ನಮಗೆ ಡಿಸೆಂಬರಿನ ಎರಡನೇ ಬುಧವಾರ ಸಿಕ್ಕಿದೆ. ನೋಟ್‌ಬುಕ್ಕಿನ ಕೊನೆಯ ಸಾಲನ್ನು ಹುಡುಗನೇ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾನೆ: ಮಧ್ಯಾಹ್ನ 12.30ಕ್ಕೆ ಎಲ್ಲಿದ್ದರೂ ಅಲ್ಲಿಂದಲೇ ವಾಪಸು.