ಮುಟ್ಟಳ್ಳಿಯ ಮಳೆಗಾಲ, ಬೊಂಬಾಯಿಯ ಅಂಕಿ

ಭಟ್ಕಳ ಪೇಟೆಯ ಗದ್ದಲವನ್ನು ಹಿಂದೆ ಬಿಟ್ಟು ಮುಟ್ಟಳ್ಳಿಯತ್ತ ಹೊರಟ ಪಯಣಿಗನ ಕಣ್ಣನ್ನು ಮೊದಲು ತುಂಬುವುದು ಹಸಿರು. ಮೂಡಲಲ್ಲಿ ಸಹ್ಯಾದ್ರಿಯ ಸಾಲು. ಪಡುವಲಲ್ಲಿ, ಕಣ್ಣಿಗೆ ಕಾಣದಿದ್ದರೂ ಗಾಳಿಯಿಂದಲೇ ಗುರುತು ಹಿಡಿಯಬಹುದಾದ ಕಡಲು. ನಡುವೆ ತೆಂಗು, ಅಡಕೆ, ಗದ್ದೆ. ಈ ಸೀಮೆಗೆ ಹೆಸರು ತಂದ ಮಲ್ಲಿಗೆಯ ಪರಿಮಳವೂ ಎಲ್ಲಿಂದಲೋ ತೇಲಿ ಬರುವುದುಂಟು. ೧೯೯೮ರಲ್ಲಿ ಕೊಂಕಣ ರೈಲುದಾರಿ ಪೂರ್ಣವಾಗಿ ತೆರೆದ ಮೇಲೆ ಬೊಂಬಾಯಿ ಇಲ್ಲಿಗೆ ಒಂದು ರಾತ್ರಿಯ ಹಾದಿ. ಆದರೆ ಬೊಂಬಾಯಿಯ ಒಂದು ವಸ್ತು ರೈಲಿಗಾಗಿ ಕಾಯದೆ ಬಹು ಹಿಂದೆಯೇ ಈ ಕರಾವಳಿಗೆ ಬಂದಿಳಿದಿತ್ತು.

ಅದನ್ನು ಹೇಳುವ ಮೊದಲು ಇಲ್ಲಿನ ಮಳೆಯ ಮಾತು ಹೇಳಬೇಕು. ಅದು ಬರಿಯ ಕವಿಸಮಯದ ಮಳೆಯಲ್ಲ. ೨೦೨೨ರ ಆಗಸ್ಟ್ ೨ರಂದು ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ಮಡಿದರು. ಇಂಥ ಮಳೆಯನ್ನು ಬಲ್ಲ ಜನ ಮುಂಜಾಗ್ರತೆಯನ್ನೂ ಬಲ್ಲರು. ವೈಶಾಖದ ಬಿಸಿಲು ಇರುವಾಗಲೇ ಹಲಸಿನ ಹಪ್ಪಳ ಒಣಗುತ್ತದೆ, ಉಪ್ಪು ಸೊಳೆ ಭರಣಿ ಸೇರುತ್ತದೆ, ಒಣಮೀನು ಅಟ್ಟ ಹತ್ತುತ್ತದೆ, ಕಟ್ಟಿಗೆ ಕೊಟ್ಟಿಗೆಯ ಮಾಡಿನಡಿ ಸೇರುತ್ತದೆ. ಜೂನ್ ಒಂದರಿಂದ ಜುಲೈ ಮುಗಿಯುವ ತನಕ, ಎಂದರೆ ೬೧ ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕೂಲಿಯೂ ಅಷ್ಟಕ್ಕಷ್ಟೆ. ಕೈಯಲ್ಲಿದ್ದುದನ್ನು ದಿನಗಳಿಗೆ ಹಂಚಿ ಉಣ್ಣುವ ಲೆಕ್ಕವನ್ನು ಇಲ್ಲಿನ ಗೃಹಿಣಿಗೆ ಯಾವ ಶಾಲೆಯೂ ಕಲಿಸಬೇಕಾಗಿಲ್ಲ.

ಅದೇ ಮನೆಯ ಯಜಮಾನನು ಸಂಜೆ ಗೂಡಂಗಡಿಯ ಬಳಿ ನಿಂತು, ಕಿಸೆಯ ನೋಟೊಂದನ್ನು ಅಂಕಿಯ ಮೇಲೆ ಕಟ್ಟಿಬಂದರೆ ಆ ಲೆಕ್ಕವೆಲ್ಲ ತಲೆಕೆಳಗು. "ಎಂತ ಬಿತ್ತು ಮಾರಾಯಾ?" ಎಂಬ ಪ್ರಶ್ನೆಯನ್ನು ಕೇಳಿ, ಮೀನಿನ ಬಲೆಯ ಮಾತಿರಬೇಕೆಂದು ಪರವೂರಿನವನು ತಿಳಿದರೆ ಆಶ್ಚರ್ಯವಿಲ್ಲ. ಅದು ಓಸಿಯ ಮಾತು; ಓಪನ್ ಮತ್ತು ಕ್ಲೋಸ್ ಎಂಬೆರಡು ಶಬ್ದಗಳ ಮೊದಲಕ್ಷರ. ಭಟ್ಕಳ, ಹೊನ್ನಾವರ, ಕುಮಟಾ ಎಂಬ ಭೇದವಿಲ್ಲದೆ ಈ ಕರಾವಳಿಯ ಪೊಲೀಸ್ ಪ್ರಕಟಣೆಗಳಲ್ಲಿ ಈ ಹೆಸರೂ, ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆಯ ೭೮ನೆಯ ಕಲಮೂ ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತವೆ.

ಇದರ ಮೂಲ ಕುತೂಹಲಕರವಾದುದು. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಆರಂಭದ ಮತ್ತು ಮುಕ್ತಾಯದ ದರಗಳು ತಂತಿಯ ಮೂಲಕ ಬೊಂಬಾಯಿಗೆ ಬರುತ್ತಿದ್ದವು; ಆ ದರಗಳ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. ೧೯೬೧ರಲ್ಲಿ ಆ ವ್ಯವಸ್ಥೆ ನಿಂತಿತು. ೧೯೬೨ರಲ್ಲಿ ಕಲ್ಯಾಣ್‌ಜಿ ಭಗತ್, ೧೯೬೪ರಲ್ಲಿ ರತನ್ ಖತ್ರಿ ತಮ್ಮ ತಮ್ಮ ಆಟಗಳನ್ನು ಹೂಡಿದರು. ಮಡಕೆಯಿಂದ ಚೀಟಿ ಎತ್ತುತ್ತಿದ್ದುದರಿಂದ ಮಟ್ಕಾ ಎಂಬ ಹೆಸರು ನಿಂತಿತು. ಉತ್ತರ ಕನ್ನಡವಾದರೋ ೧೮೬೨ರಿಂದ ೧೯೫೬ರ ತನಕ ಬೊಂಬಾಯಿ ಆಡಳಿತದಲ್ಲಿದ್ದ ಜಿಲ್ಲೆ. ಹೊಟ್ಟೆಪಾಡಿಗೆ ಆ ನಗರಕ್ಕೆ ಹೋದವರು ಇಲ್ಲಿ ಎಷ್ಟೋ ಮಂದಿ. ಹತ್ತಿಯ ಒಂದೆಳೆಯೂ ಇಲ್ಲದ ಆಟ ಹತ್ತಿಯ ಗಿಡವೇ ಇಲ್ಲದ ಕರಾವಳಿಗೆ ಬಂದು ಬೇರೂರಿತು.

ಕ್ರಮ ಸರಳ. ಮೂರು ಅಂಕಿಗಳನ್ನು ಎತ್ತಿ ಕೂಡುತ್ತಾರೆ. ಮೊತ್ತದ ಕೊನೆಯ ಅಂಕಿಯೇ ಓಪನ್. ೩, ೫, ೯ ಬಂದರೆ ಮೊತ್ತ ೧೭, ಓಪನ್ ೭. ಕೆಲವು ತಾಸುಗಳ ಬಳಿಕ ಇನ್ನೊಮ್ಮೆ ಎತ್ತಿದ್ದು ಕ್ಲೋಸ್. ಎರಡೂ ಸೇರಿ ಜೋಡಿ. ಎತ್ತುವ ಕೈಯನ್ನು ಮುಟ್ಟಳ್ಳಿಯ ಪಣದಾರನಂತೂ ಕಂಡವನಲ್ಲ!

ಈ ಎರಡು ಹೊತ್ತುಗಳ ನಡುವಣ ಬಿಡುವೇ ಆಟದ ಕುಟಿಲ ಭಾಗ. ಓಪನ್‌ನಲ್ಲಿ ಕಳೆದುಕೊಂಡವನು ಕ್ಲೋಸ್‌ನಲ್ಲಿ ಹಿಂದೆ ತೆಗೆಯುತ್ತೇನೆಂದು ಹೊರಡುತ್ತಾನೆ. ಇನ್ನೊಬ್ಬ ಹಳೆಯ ಫಲಿತಾಂಶಗಳ ಪಟ್ಟಿ ಹರಡಿಕೊಂಡು, ಬಹುದಿನದಿಂದ ಬಾರದ ಅಂಕಿ ಈಗ ಬರಲೇಬೇಕೆಂದು ವಾದಿಸುತ್ತಾನೆ. ಪಾಪ, ಅಂಕಿಗೆ ನೆನಪಿಲ್ಲ. ಕುದುರೆಯ ಪಂದ್ಯದಲ್ಲಿ ಓಟವನ್ನು ನೋಡಬಹುದು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಎಸೆತಗಾರನ ತೋಳನ್ನು ನೋಡಿ, ದರ ಏರಿಳಿಯುವ ಹೊತ್ತು ಕಾದು ಪಣ ಕಟ್ಟುವವರುಂಟು. ಅವರೂ ಬಹುಮಟ್ಟಿಗೆ ಸೋಲುವವರೇ, ಆ ಮಾತು ಬೇರೆ. ಓಸಿಯಲ್ಲಿ ನೋಡಲು ಏನೂ ಇಲ್ಲ; ದರವೂ ಹೊತ್ತಿಗೆ ತಕ್ಕಂತೆ ಬದಲಾಗುವುದಿಲ್ಲ. ಕಾಯುವವನು ಯಾತಕ್ಕಾಗಿ ಕಾಯುವುದು?

ಒಂಟಿ ಅಂಕಿಗೆ ರೂಪಾಯಿಗೆ ೯ ಕೊಡುವುದು ಹಳೆಯ ರೂಢಿ. ಅಂಕಿಗಳು ಹತ್ತು. ಹತ್ತಕ್ಕೂ ಒಂದೊಂದು ರೂಪಾಯಿ ಕಟ್ಟಿದವನಿಗೆ ೧೦ ಹೋಗಿ ೯ ಬರುತ್ತದೆ. ಜೋಡಿಗಳು ನೂರು, ಕರಾವಳಿಯ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ದರ ರೂಪಾಯಿಗೆ ೮೦. ಅಲ್ಲಿ ನೂರಕ್ಕೆ ಇಪ್ಪತ್ತು ಸೋರಿಹೋಗುತ್ತದೆ. ಒಂದೇ ಜೋಡಿಯನ್ನು ನೂರು ದಿನ ಬಿಡದೆ ಹಿಡಿದರೂ ಅದು ಒಮ್ಮೆಯೂ ಬಾರದಿರುವ ಸಂಭವ ನೂರಕ್ಕೆ ೩೬ಕ್ಕೂ ಹೆಚ್ಚು.

ಸೋತಾಗಲೆಲ್ಲ ಪಣವನ್ನು ಇಮ್ಮಡಿಸುವುದು ಜಾಣರ ಉಪಾಯವೆಂದು ಹೆಸರಾಗಿದೆ. ೧೦ ರೂಪಾಯಿಯಿಂದ ತೊಡಗಿದವನು ಹತ್ತನೆಯ ಸರದಿಗೆ ೫,೧೨೦ ಕಟ್ಟಬೇಕು. ಅಷ್ಟರಲ್ಲಿ ಕೈಬಿಟ್ಟ ಮೊತ್ತ ೧೦,೨೩೦. ಒಂಟಿ ಅಂಕಿ ಸತತ ಹತ್ತು ಸಲ ತಪ್ಪುವುದು ಅಪರೂಪವೇ? ನೂರರಲ್ಲಿ ಸುಮಾರು ೩೫ ಸಲ ಹಾಗಾಗುತ್ತದೆ. ಇನ್ನೊಂದು ಉಪಾಯ ಸೌಮ್ಯವಾದುದು: ಸಾವಿರವನ್ನು ಇಪ್ಪತ್ತು ಭಾಗ ಮಾಡಿ ಒಂದೊಂದು ಸಲಕ್ಕೆ ೫೦ ಮಾತ್ರ ಕಟ್ಟುವುದು. ಇದರಿಂದ ಗಂಟು ಒಂದೇ ರಾತ್ರಿಯಲ್ಲಿ ಕರಗದು, ನಿಜ. ಆದರೆ ಹೇಗೆ ಹಂಚಿ ಕಟ್ಟಿದರೂ ಕಟ್ಟಿದ ಪ್ರತಿ ರೂಪಾಯಿ ಸರಾಸರಿಯಲ್ಲಿ ೯೦ ಪೈಸೆಯಾಗಿಯೇ ಮರಳುತ್ತದೆ. ಗೆದ್ದುದನ್ನು ಮತ್ತೆ ಕಟ್ಟಿದರೆ ಆ ೯೦ ಪೈಸೆಯೂ ಸವೆಯುತ್ತದೆ. ಭರಣಿಯನ್ನು ಎಷ್ಟು ಜೋಪಾನವಾಗಿಟ್ಟರೇನು, ತಳದಲ್ಲಿ ತೂತಿದ್ದ ಮೇಲೆ!

ಚೀಟಿ ಈಗ ಮೊಬೈಲಿಗೂ ಬಂದಿರುವುದರಿಂದ ಸೋತವನ ಮುಖ ಗೂಡಂಗಡಿಯವನಿಗೂ ಕಾಣುವುದಿಲ್ಲ. ಮನೆಯಾಕೆಗೆ ಮಾತ್ರ ತಿಳಿಯುತ್ತದೆ; ಬೇಳೆಯ ಡಬ್ಬದಲ್ಲಿ ಅಡಗಿಸಿಟ್ಟ ಹಣ ಶಾಲೆಯ ಪುಸ್ತಕದ ಹೊತ್ತಿಗೆ ಸರಿಯಾಗಿ ಕಡಿಮೆ ಬಿದ್ದಾಗ.

ಆಷಾಢದ ಕೊನೆಗೆ ಸೊಳೆಯ ಭರಣಿ ಅರ್ಧಕ್ಕಿಳಿದಿರುತ್ತದೆ. ಅವಳು ಅದನ್ನು ಓರೆ ಮಾಡಿ ನೋಡಿ, ಇನ್ನೆಷ್ಟು ದಿನವೆಂದು ಬೆರಳು ಮಡಿಸುತ್ತಾಳೆ. ಆಗಸ್ಟ್ ಒಂದಕ್ಕೆ ದೋಣಿಗಳು ಹೊರಡುತ್ತವೆ.