ಬೆಚ್ಚಗಿನ ಗಾಳಿಯಲ್ಲಿದ್ದ ವಿಷ

ಮಂಗಳೂರಿನ ಬೆವರಿನಲ್ಲಿ ಬೆಳೆದ ನಮ್ಮ ಮೈ ಇಂಗ್ಲೆಂಡಿನ ಚಳಿಗೆ ಇನ್ನೂ ಒಗ್ಗಿಲ್ಲ. ಆದರೂ ಮಕ್ಕಳ ಹಟಕ್ಕೆ ಮಣಿದು ನಾವೊಂದು ಹಳೆಯ ಕ್ಯಾಂಪರ್ ವ್ಯಾನ್ ಕೊಂಡೆವು. 1976ರ ಫೋಕ್ಸ್‌ವ್ಯಾಗನ್. ಒಳಗೆ ಪುಟ್ಟ ಗ್ಯಾಸ್ ಒಲೆ, ಬಿಡಿಸಿದರೆ ಹಾಸಿಗೆಯಾಗುವ ಸೀಟು. ಹೋಟೆಲಿನ ಖರ್ಚಿಲ್ಲ, ಹಲಾಲ್ ಊಟಕ್ಕಾಗಿ ಅಲೆದಾಟವಿಲ್ಲ, ಹೊತ್ತಾದಾಗ ಗಾಡಿ ನಿಲ್ಲಿಸಿ ನಮಾಝ್ ಮಾಡಿಕೊಳ್ಳಬಹುದು ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು.

ಅಕ್ಟೋಬರ್ ರಜೆಯಲ್ಲಿ ವೇಲ್ಸ್‌ನ ಬೆಟ್ಟಗಳಿಂದ ಮರಳುತ್ತಿದ್ದೆವು. ಹೊರಗೆ ಜಿಟಿಜಿಟಿ ಮಳೆ. ಕಿಟಕಿಗಳನ್ನೆಲ್ಲ ಮುಚ್ಚಿ ಹೀಟರ್ ಹಾಕಿದೆವು. ಸ್ವಲ್ಪ ಹೊತ್ತಿಗೆ ಮಗಳು, "ಉಮ್ಮಾ, ತಲೆ ಸಿಡಿಯುತ್ತಿದೆ" ಎಂದಳು. ಚಿಕ್ಕವನು ವಾಂತಿ ಮಾಡಿದ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನಿಂದ ತಲೆ ಹೊರಹಾಕಿ ವಾಂತಿ ಮಾಡಿದವರು ನಾವು. ಇದೂ ಅದೇ ಎಂದುಕೊಂಡೆವು. ಮಗ್‌ರಿಬ್‌ಗೆ ಗಾಡಿ ನಿಲ್ಲಿಸಿ, ನಮಾಝ್ ಮುಗಿಸಿ, ಚಹಾ ಕುಡಿಯುವಷ್ಟರಲ್ಲಿ ಮಕ್ಕಳು ಚೇತರಿಸಿಕೊಂಡು ಓಡಾಡತೊಡಗಿದ್ದರು. ಮತ್ತೆ ಹೊರಟು ಹೀಟರ್ ಹಾಕಿದೆವು. ಮತ್ತೆ ಅದೇ ತಲೆನೋವು. ಈ ಬಾರಿ ನಮಗೂ! ಆಗ ಭಯವಾಯಿತು. ಹೀಟರ್ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಗಡಗಡ ನಡುಗುತ್ತಾ ಮನೆ ಸೇರಿದೆವು.

ನಮ್ಮ ಬೀದಿಯಲ್ಲಿ ಮೀರ್‌ಪುರದ ಹಿರಿಯರೊಬ್ಬರಿದ್ದಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನಾವು ಅವರನ್ನು ಚಾಚಾ ಎನ್ನುತ್ತೇವೆ. ಮರುದಿನ ಅವರು ಗಾಡಿಯ ಹಿಂಭಾಗಕ್ಕೆ ಜಾಕ್ ಕೊಟ್ಟು ಕೆಳಗೆ ತೂರಿದರು. ಹೊರಬಂದಾಗ ಮುಖ ಗಂಭೀರವಾಗಿತ್ತು. "ಬೇಟಾ, ಅಲ್ಲಾಹನು ನಿಮ್ಮನ್ನು ಉಳಿಸಿದ್ದಾನೆ" ಎಂದರು.

ಈ ಗಾಡಿಯ ಇಂಜಿನ್ ಇರುವುದು ಹಿಂದೆ. ಅದನ್ನು ತಣಿಸುವುದು ನೀರಲ್ಲ, ಗಾಳಿ. ಇಂಜಿನಿನ ಫ್ಯಾನು ಆ ಗಾಳಿಯಲ್ಲಿ ಒಂದು ಪಾಲನ್ನು ಹೀಟ್ ಎಕ್ಸ್‌ಚೇಂಜರ್‌ಗಳಿಗೆ ತಳ್ಳುತ್ತದೆ. ಹೊಗೆ ಹೋಗುವ ಕೊಳವೆಯ ಸುತ್ತ ತಗಡಿನ ಇನ್ನೊಂದು ಕವಚ. ಅವೆರಡರ ನಡುವೆ ಹಾಯ್ದು ಬಿಸಿಯಾದ ಗಾಳಿ ಗಾಡಿಯಡಿಯ ಉದ್ದನೆಯ ಪೈಪಿನಲ್ಲಿ ಮುಂದಕ್ಕೆ ಬಂದು ನಮ್ಮ ಕಾಲಿಗೆ ತಾಗುತ್ತದೆ. ಹೊಗೆಗೂ ನಾವು ಉಸಿರಾಡುವ ಗಾಳಿಗೂ ನಡುವೆ ಇರುವುದು ಒಂದು ಕೊಳವೆಯ ಗೋಡೆ ಮಾತ್ರ. ಅದಕ್ಕೆ ತುಕ್ಕು ಹಿಡಿದು ತೂತಾದರೆ ಕಾರ್ಬನ್ ಮೊನಾಕ್ಸೈಡ್ ನೇರವಾಗಿ ಒಳಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಅಂಟಿಸಿಕೊಳ್ಳುತ್ತದೆ. ವೇಗವಾಗಿ ಉಸಿರಾಡುವ ಮಕ್ಕಳಿಗೆ ಅದು ಬೇಗ ತಟ್ಟುತ್ತದೆ.

ಚಾಚಾ ತೋರಿಸಿದ ಜಾಗದಲ್ಲಿ ಕವಚಕ್ಕೆ ಪಟ್ಟಿ ಸುತ್ತಿ, ಮೇಲೆ ಹೊಸದಾಗಿ ಕಪ್ಪು ಬಣ್ಣ ಬಳಿಯಲಾಗಿತ್ತು. ನಮಗೆ ಮಾರಿದವರಿಗೆ ವಿಷಯ ಗೊತ್ತಿತ್ತು! ನಾವು ಸಿಟ್ಟಿನಿಂದ ಕುದಿದೆವು. ಆದರೆ ಎರಡೇ ವಾರದಲ್ಲಿ ನಮ್ಮದೇ ಪರೀಕ್ಷೆ ಬಂತು.

ರಿಪೇರಿಯ ಖರ್ಚು ಕೇಳಿ ಕಂಗಾಲಾಗಿ, ಗಾಡಿಯನ್ನು ಮಾರಿಬಿಡೋಣವೆಂದು ನಾವು ನಿರ್ಧರಿಸಿದ್ದೆವು. ಒಬ್ಬ ತರುಣ, ಅವನ ಹೆಂಡತಿ, ತೋಳಲ್ಲಿ ಆರು ತಿಂಗಳ ಕೂಸು. ಗಾಡಿ ನೋಡಿ ಅವರ ಕಣ್ಣರಳಿತು. ಒಳ್ಳೆಯ ಬೆಲೆಯನ್ನೇ ಹೇಳಿದರು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, 40 ವರ್ಷ ದಾಟಿದ, ದೊಡ್ಡ ಬದಲಾವಣೆಯಾಗದ ವಾಹನಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಸರ್ಟಿಫಿಕೇಟನ್ನು ಅವರು ಕೇಳುವಂತಿರಲಿಲ್ಲ. ನಾವು ಪರಸ್ಪರ ಮುಖ ನೋಡಿಕೊಂಡೆವು. ಬಾಯಿ ಮುಚ್ಚಿಕೊಂಡರೆ ನಮ್ಮ ಹಣ ನಮಗೆ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಒಂದೆರಡು ನಿಮಿಷ ನಾವು ಸುಮ್ಮನೇ ಇದ್ದೆವು. ಇದನ್ನು ಮರೆಮಾಚಿ ಬರೆದು ಪ್ರಯೋಜನವಿಲ್ಲ.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯಲ್ಲಿ ಬಚ್ಚಿಟ್ಟಿದ್ದ ತೇವವನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ನಾವು ಮದ್ರಸದಲ್ಲೇ ಕೇಳಿದ್ದೆವು. ಇಲ್ಲಿ ಅಡಗಿದ್ದದ್ದು ತೇವವಲ್ಲ, ಸಾವು. ಕೂಸು ತಾಯಿಯ ಹೆಗಲಲ್ಲಿ ಆಕಳಿಸಿತು. ನಾವು ಎಲ್ಲವನ್ನೂ ಹೇಳಿಬಿಟ್ಟೆವು. ಅವರು ಕೈಕುಲುಕಿ ಬರಿಗೈಯಲ್ಲಿ ಹೊರಟುಹೋದರು. ರಿಪೇರಿಯಲ್ಲದೆ ನಮಗೆ ಬೇರೆ ದಾರಿ ಉಳಿಯಲಿಲ್ಲ.

ಚಾಚಾರ ಮಾರ್ಗದರ್ಶನದಲ್ಲಿ ಮೂರು ಶನಿವಾರ ಕೆಲಸ ನಡೆಯಿತು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಹಾಕಿ, ಬೆಳಿಗ್ಗೆ ಕಾಯಿಸಿ, ಅವಸರವಿಲ್ಲದೆ ತಿರುಗಿಸಬೇಕು. ಬಲ ಪ್ರಯೋಗಿಸಿದರೆ ಬೋಲ್ಟು ಇಂಜಿನಿನೊಳಗೇ ಮುರಿದು ಇನ್ನೊಂದು ಖರ್ಚು. ಹಳೆಯದನ್ನು ಕಳಚಿ ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಅದು ಒಳಗಿನ ಕೊಳವೆಯನ್ನು ಹಪ್ಪಳದಂತೆ ತೂರಿಹೋಯಿತು! ಹೊಸ ಎಕ್ಸ್‌ಚೇಂಜರ್, ಹೊಸ ಗ್ಯಾಸ್ಕೆಟ್ ಹಾಕಿದೆವು. ಫ್ಯಾನಿನಿಂದ ಬರುವ ಹರಿದ ಕೊಳವೆಗಳನ್ನೂ, ಇಂಜಿನ್ ಸುತ್ತಲಿನ ಸವೆದ ರಬ್ಬರ್ ಪಟ್ಟಿಯನ್ನೂ ಬದಲಿಸಿದೆವು. ಆ ಪಟ್ಟಿ ಸರಿಯಿಲ್ಲದಿದ್ದರೆ ಅಡಿಯ ಹೊಗೆಯನ್ನೇ ಫ್ಯಾನು ಎಳೆದುಕೊಳ್ಳುತ್ತದೆ. ಬಿಗಿದುಕೊಂಡಿದ್ದ ಹೀಟರ್ ಕೇಬಲ್‌ಗಳಿಗೆ ಗ್ರೀಸ್ ಹಾಕಿದೆವು. ಕೊನೆಗೆ ಇಂಜಿನ್ ಚಾಲೂ ಮಾಡಿ, ಸೈಲೆನ್ಸರಿನ ಬಾಯಿಗೆ ಕ್ಷಣಕಾಲ ಬಟ್ಟೆಯೊತ್ತಿ ಚಾಚಾ ಕಿವಿಗೊಟ್ಟರು. ಎಲ್ಲಿಯೂ 'ಸುಸ್' ಎಂಬ ಸದ್ದಿಲ್ಲ.

ಆಮೇಲೆ ಅವರು ನೆಲದ ಕಾರ್ಪೆಟ್ ಎತ್ತಿದರು. ಗಾಳಿಯಾಡಲು ಬಿಟ್ಟಿದ್ದ ಕಿಂಡಿಗೆ ಹಳೆಯ ಟವೆಲ್ ತುರುಕಲಾಗಿತ್ತು. "ಇದು ಯಾರ ಕೆಲಸ?" ಎಂದರು. ನಮ್ಮದೇ! ಚಳಿ ನುಗ್ಗುತ್ತದೆಂದು ಮೊದಲ ಪ್ರವಾಸದಲ್ಲೇ ತುರುಕಿದ್ದೆವು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಅದು ಕೆಳಗಿಳಿದು ಹೊರಹೋಗಲು ಇದ್ದ ದಾರಿ ಅದು. ಮಾರಿದವರನ್ನು ಶಪಿಸುತ್ತಿದ್ದ ನಾವು ತಲೆ ತಗ್ಗಿಸಿದೆವು. ಟವೆಲ್ ತೆಗೆದೆವು. ಕ್ಯಾರವಾನ್‌ಗಳಿಗೆಂದೇ ಇರುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತಂದು ಗೋಡೆಗೆ ಹಾಕಿದೆವು.

ಹೀಟರ್ ಈಗಲೂ ಅಂಥ ಬಿಸಿಯೇನಲ್ಲ. ಹಿಂದಿನ ಇಂಜಿನಿನಿಂದ ಮುಂದಿನ ಗಾಜು ತಲುಪುವಷ್ಟರಲ್ಲಿ ಗಾಳಿ ಅರ್ಧ ತಣಿದಿರುತ್ತದೆ. ಪರವಾಗಿಲ್ಲ, ಕಂಬಳಿಯಿದೆ. ಮಕ್ಕಳು ಹಿಂದೆ ನಿದ್ದೆಹೋದರೆ ಅದು ನಿದ್ದೆಯೇ ಎಂದು ನಂಬಬಹುದು. ಅಲ್‌ಹಮ್ದುಲಿಲ್ಲಾಹ್.

ಇದು ದೂರದೇಶದ ಹಳೆಯ ಗಾಡಿಯೊಂದರ ಕತೆ ಮಾತ್ರವಲ್ಲ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್ ಜೀವ ತೆಗೆದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅಲ್ಲಿಯೂ ಅದೇ ಅನಿಲ, ಅದೇ ಮುಚ್ಚಿದ ಕಿಂಡಿ. ಮನೆಯಿರಲಿ, ವಾಹನವಿರಲಿ, ಅದರೊಳಗೆ ಉಸಿರಾಡುವವರ ಪ್ರಾಣ ನಮ್ಮ ಕೈಯಲ್ಲಿರುವ ಅಮಾನತ್. ಕಾನೂನು ತಪಾಸಣೆ ಬೇಡವೆಂದರೂ ಆ ಹೊಣೆ ತಪ್ಪುವುದಿಲ್ಲ.